ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ?

ಇವತ್ತು ರಾಜಕೀಯ ಬೇಡ. ವಿಧಾನಸೌಧದ ಕುರ್ಚಿ ಜಗಳ ದಿನಾ ಇದ್ದದ್ದೇ. ಇವತ್ತು ಬೇರೆ ಒಂದು ಕುರ್ಚಿಯ ಬಗ್ಗೆ ಮಾತಾಡೋಣ. ಅದಕ್ಕೆ ಸಂಬಳ ಇಲ್ಲ, ಕಾರಿಲ್ಲ, ಗನ್‌ಮ್ಯಾನ್ ಇಲ್ಲ. ಆದರೂ ಅದನ್ನು ಬಿಟ್ಟು ಏಳೋಕೆ ಯಾರಿಗೂ ಮನಸ್ಸು ಬರಲ್ಲ. ನಮ್ಮ ಕನ್ನಡ ಸಂಘಗಳ, ಸಾಹಿತ್ಯ ಸಂಘಗಳ ಕುರ್ಚಿ ಅದು.

ನವೆಂಬರ್ ಬಂತು ಅಂದ್ರೆ ಬೆಂಗಳೂರಿನ ಯಾವ ರಸ್ತೆಗೆ ಹೋದ್ರೂ ಒಂದು ಶಾಮಿಯಾನ, ಒಂದು ಧ್ವಜ, ಹಳದಿ ಕೆಂಪು ಶಾಲು. ಟಿವಿಯಲ್ಲಿ ಮುಖ ಕಾಣುತ್ತೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನೂ ಮುಖ್ಯ ಅತಿಥಿ ಅಂತ ಕರೀತಾರೆ. ಕಳೆದ ಭಾನುವಾರ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಒಂದು ಬಡಾವಣೆಯ ಸಂಘಕ್ಕೆ ಹೋಗಿದ್ದೆ. ಹೆಸರು ಹೇಳಲ್ಲ. ಪಾಪ, ಪ್ರೀತಿಯಿಂದ ಕರೆದಿದ್ದರು, ಹೋಳಿಗೆ ಊಟ ಹಾಕಿದ್ದರು.

ವೇದಿಕೆ ಮೇಲೆ ನನ್ನನ್ನು ಬಿಟ್ಟು ಒಂಬತ್ತು ಜನ. ಇಂಜಿನಿಯರಿಂಗ್ ಓದಿದವನಿಗೆ ಒಂದು ಕೆಟ್ಟ ಚಟ, ಸುಮ್ಮನೆ ಕೂತರೆ ಲೆಕ್ಕ ಹಾಕ್ತಾ ಇರ್ತೀವಿ. ಅಂದಾಜಿನ ಮೇಲೆ ಸರಾಸರಿ ವಯಸ್ಸು ಹಾಕಿದೆ. ಅರವತ್ತೈದು ದಾಟಿತು. ಒಂಬತ್ತು ಜನರಲ್ಲಿ ಒಬ್ಬ ಮಹಿಳೆ, ಅವರೂ ಪ್ರಾರ್ಥನೆ ಮುಗಿದ ಮೇಲೆ ಕೆಳಗಿಳಿದರು. ವೇದಿಕೆ ಕೆಳಗೆ ನಾಲ್ಕೈದು ಜನ ಹುಡುಗರು ಹುಡುಗಿಯರು ವೈರು ಎಳೀತಾ, ಲ್ಯಾಪ್‌ಟಾಪ್ ಹಿಡ್ಕೊಂಡು, ಹಣ್ಣಿನ ಬುಟ್ಟಿ ತಂದು ಕೊಡ್ತಾ ಓಡಾಡ್ತಿದ್ದರು. ಅಧ್ಯಕ್ಷರು ಮೈಕ್ ಹಿಡಿದು ಬಹಳ ನೋವಿನಿಂದ ಹೇಳಿದರು: "ಇವತ್ತಿನ ಯುವಕರು ಮುಂದೆ ಬರ್ತಾ ಇಲ್ಲ. ನಮ್ಮ ನಂತರ ಈ ಸಂಘದ ಗತಿ ಏನು?"

ಊಟದ ಹೊತ್ತಿನಲ್ಲಿ ಆ ಹುಡುಗಿಯರಲ್ಲಿ ಒಬ್ಬಳನ್ನು ಮಾತಾಡಿಸಿದೆ. ಅಲ್ಲೇ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. "ಸಮಿತಿಯಲ್ಲಿ ಇದ್ದೀರಾ?" ಅಂದೆ. "ಇಲ್ಲ ಸರ್, ನಾವು ವಾಲಂಟಿಯರ್ಸ್. ನಾಲ್ಕು ವರ್ಷದಿಂದ." "ಏನು ಕೆಲಸ ಕೊಡ್ತಾರೆ?" "ಬ್ಯಾನರ್ ಡಿಸೈನ್, ವಾಟ್ಸ್‌ಆ್ಯಪ್ ಗ್ರೂಪ್, ಆಮೇಲೆ ಈ ಹೂಗುಚ್ಛ." "ಯಾವ ಲೇಖಕರನ್ನ ಕರೀಬೇಕು ಅಂತ ನಿಮ್ಮನ್ನ ಕೇಳ್ತಾರಾ?" ಅವಳು ಉತ್ತರ ಕೊಡಲಿಲ್ಲ. ನಕ್ಕಳು ಅಷ್ಟೇ.

ನೋಡಿ, ನಾಲ್ಕು ವರ್ಷದಿಂದ ಎದುರಿಗೇ ಓಡಾಡ್ತಿರೋ ಹುಡುಗಿ ಅಧ್ಯಕ್ಷರ ಕಣ್ಣಿಗೆ ಬಿದ್ದಿಲ್ಲ. ಯುವಕರು ಬರ್ತಿಲ್ಲ ಅಂತ ಅವರು ಅಳ್ತಿದ್ದಾರೆ. ಅದು ಸುಳ್ಳು ಅಳು ಅಲ್ಲ, ನಿಜವಾದ ನೋವೇ. ಅದಕ್ಕೇ ಈ ವಿಷಯ ಮಾತಾಡಬೇಕು ಅನ್ನಿಸಿತು. ಒಂದು ಸಂಘಕ್ಕೆ ಹೊಸ ನಾಯಕತ್ವ ಎಲ್ಲಿಂದ ಬರುತ್ತೆ? ತಾನಾಗೇ ಬರುತ್ತಾ, ಯಾರಾದರೂ ಬೆಳೆಸಬೇಕಾ?

ಮೊದಲು ಈ ಹೊರ ಬೆಂಗಳೂರಿನ ಕಥೆ ಸ್ವಲ್ಪ ನೋಡೋಣ. 1940ರಲ್ಲಿ ಎಚ್‌ಎಎಲ್ ಶುರುವಾಯಿತು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಆಗ ಜಾಲಹಳ್ಳಿ, ದೂರವಾಣಿನಗರ ಎಲ್ಲ ಊರ ಹೊರಗೆ. ಈ ಕಾರ್ಖಾನೆಗಳಲ್ಲಿ ಕನ್ನಡ ಸಂಘಗಳು ಹುಟ್ಟಿದವು. ರಾಜ್ಯೋತ್ಸವ, ನಾಟಕ, ಕವಿಗೋಷ್ಠಿ, ವಾಚನಾಲಯ, ಗೋಡೆ ಪತ್ರಿಕೆ. ಬೆಳಿಗ್ಗೆ ಲೇತ್ ಮುಂದೆ ನಿಂತವರು ಸಂಜೆ ಬಣ್ಣ ಹಚ್ಚಿಕೊಂಡು ವೇದಿಕೆ ಮೇಲೆ ನಿಲ್ತಿದ್ದರು. ಕುವೆಂಪು, ಬೇಂದ್ರೆ, ಅನಕೃ ಹೆಸರನ್ನು ಮನೆಮಾತು ಮಾಡಿದ್ದರಲ್ಲಿ ಕಾಲೇಜುಗಳ ಪಾಲು ಎಷ್ಟೋ, ಈ ಕಾರ್ಖಾನೆ ಕಾರ್ಮಿಕರ ಪಾಲೂ ಅಷ್ಟೇ ಇದೆ ಅಂತ ನಾನು ನಂಬ್ತೀನಿ.

ಆಗ ಹೊಸಬರು ಹೇಗೆ ತಯಾರಾಗ್ತಿದ್ದರು? ಯಾರೂ ತರಬೇತಿ ಕೊಡಲಿಲ್ಲ. ಕೆಲಸ ಕಾಯಂ ಆಗಿತ್ತು. ಇಪ್ಪತ್ತೆರಡಕ್ಕೆ ಸೇರಿದವನು ಐವತ್ತೆಂಟರವರೆಗೆ ಅಲ್ಲೇ. ಒಂದೇ ಟೌನ್‌ಶಿಪ್, ಒಂದೇ ಕ್ಯಾಂಟೀನು, ಒಂದೇ ಬಸ್ಸು. ಹಿರಿಯರ ಪಕ್ಕ ಹತ್ತು ವರ್ಷ ಕೂತು ನೋಡಿ ನೋಡಿ ಕಲೀತಿದ್ದರು. ಕಾರ್ಮಿಕ ಸಂಘದಲ್ಲಿ ಸಭೆ ನಡೆಸೋದು, ಲೆಕ್ಕ ಇಡೋದು, ನಡಾವಳಿ ಬರೆಯೋದು ಅಭ್ಯಾಸ ಆಗಿರ್ತಿತ್ತು. ಅದೇ ಕೈ ಕನ್ನಡ ಸಂಘಕ್ಕೂ ಬರ್ತಿತ್ತು.

ಈಗ ಅದ್ಯಾವುದೂ ಇಲ್ಲ. ವಿಆರ್‌ಎಸ್ ಬಂತು. 2016ರಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನೇ ಮುಚ್ಚೋದಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಇತ್ತ ಕಡೆ ಎಪ್ಪತ್ತರ ದಶಕದಲ್ಲಿ ಪೀಣ್ಯ ಬೆಳೀತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಮಾಡಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್‌ಗೆ ಐಟಿಪಿಎಲ್ ಬಂತು. ಈಗ ಕೆಲಸ ಕಾಯಂ ಇಲ್ಲ. ಎರಡು ಮೂರು ವರ್ಷಕ್ಕೆ ಕಂಪನಿ ಬದಲು, ಮನೆ ಬದಲು, ಕೆಲವೊಮ್ಮೆ ದೇಶ ಬದಲು. ಪೀಣ್ಯದಲ್ಲಿ ಗುತ್ತಿಗೆ ಕೆಲಸ. ಹತ್ತು ವರ್ಷ ಪಕ್ಕದಲ್ಲಿ ಕೂತು ನೋಡಿ ಕಲಿಯೋ ಕಾಲ ಮುಗೀತು. ಸಂಘಗಳು ಮಾತ್ರ ಇನ್ನೂ ಅದೇ ಹಳೇ ಕಾಲದ ಲೆಕ್ಕದಲ್ಲಿ ಕೂತಿವೆ. ಯಾರಾದ್ರೂ ಬರ್ತಾರೆ, ಪಕ್ಕದಲ್ಲಿ ಕೂತ್ಕೋತಾರೆ, ಕಲೀತಾರೆ, ಆಮೇಲೆ ನೋಡೋಣ ಅಂತ. ಯಾರೂ ಬರಲ್ಲ. ಬಂದವರೂ ಅಷ್ಟು ದಿನ ಕಾಯಲ್ಲ.

ಇದನ್ನು ನಾನು ಹೊರಗಿನವನಾಗಿ ಹೇಳ್ತಿಲ್ಲ. ನಮ್ಮ ಮನೆಯ ಕಥೆ ಹೇಳ್ತೀನಿ.

ನಮ್ಮಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಸುತ್ತಮುತ್ತಲಿನ ಏಳೆಂಟು ಕಾರ್ಖಾನೆಗಳ ಕಾರ್ಮಿಕರು ಸೇರಿ ಒಂದು ಕನ್ನಡ ಸಾಹಿತ್ಯ ಸಂಘ ಮಾಡಿದ್ದರು. ಟೀ ಅಂಗಡಿ ಮೇಲೆ ಒಂದು ರೂಮು. ಅದರಲ್ಲಿ ಎರಡು ಬೆಂಚು, ಒಂದು ಕಬ್ಬಿಣದ ಬೀರು, ಬೀರುವಿನಲ್ಲಿ ಆರುನೂರು ಚಿಲ್ಲರೆ ಪುಸ್ತಕ. ನಾನು ಕಾರಂತರನ್ನು, ತ್ರಿವೇಣಿಯನ್ನು, ತೇಜಸ್ವಿಯವರನ್ನು ಓದಿದ್ದು ಆ ಬೀರುವಿನಿಂದ. ಇವತ್ತು ನಿಮ್ಮ ಮುಂದೆ ಕನ್ನಡದಲ್ಲಿ ತಡವರಿಸದೆ ಮಾತಾಡ್ತಿದ್ದೀನಿ ಅಂದ್ರೆ ಅದಕ್ಕೆ ಆ ಬೀರು ಕಾರಣ. ಅಪ್ಪ ಹತ್ತೊಂಬತ್ತು ವರ್ಷ ಆ ಸಂಘದ ಕಾರ್ಯದರ್ಶಿ. ಬೀಗದ ಕೈ ಅವರ ಪ್ಯಾಂಟಿನ ಜೇಬಲ್ಲಿ. ಒಂದು ರೂಪಾಯಿ ಮುಟ್ಟಿದವರಲ್ಲ. ಬದಲಿಗೆ ಬೋನಸ್ ಬಂದಾಗೆಲ್ಲ ಅಮ್ಮನಿಗೆ ಹೇಳದೆ ಸಂಘಕ್ಕೆ ಒಂದಿಷ್ಟು ಹಾಕ್ತಿದ್ದರು.

ನಾನು ಪಿಯುಸಿಯಲ್ಲಿದ್ದಾಗ ಇಬ್ಬರು ಹುಡುಗರು ಸಂಘಕ್ಕೆ ಬರೋಕೆ ಶುರು ಮಾಡಿದರು. ಒಬ್ಬ ಟರ್ನರ್, ರಾಯಚೂರು ಕಡೆಯವನು. ಕಥೆ ಬರೀತಿದ್ದ. ಎರಡು ದಿನದ ಕಥೆ ಕಮ್ಮಟ ಮಾಡೋಣ, ಮೂರು ಜನ ಕಥೆಗಾರರನ್ನು ಕರೆಸೋಣ, ಎಂಟು ಸಾವಿರ ಸಾಕು ಅಂದ. ಅಪ್ಪ ಬೇಡ ಅನ್ನಲಿಲ್ಲ. "ಮುಂದಿನ ವರ್ಷ ನೋಡೋಣ" ಅಂದರು. ಮುಂದಿನ ವರ್ಷವೂ ಅದನ್ನೇ ಅಂದರು. ಮೂರನೇ ವರ್ಷ ಆ ಹುಡುಗ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲೂ ಇಲ್ಲ.

ಆಮೇಲೆ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಎರಡು ವರ್ಷ ಓಡಾಟ ಇಲ್ಲ. ಬ್ಯಾಂಕ್ ಖಾತೆಗೆ ಎರಡು ಸಹಿ ಬೇಕಿತ್ತು, ಇನ್ನೊಂದು ಸಹಿ ಹಾಕುವ ಖಜಾಂಚಿ ಅಷ್ಟರಲ್ಲಿ ತೀರಿಕೊಂಡಿದ್ದರು. ದುಡ್ಡು ಅಲ್ಲೇ ಸಿಕ್ಕಿಕೊಂಡಿತು. ಸಂಘ ಅಂದಮೇಲೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ, ಹೊಸ ಸಮಿತಿಯ ಪಟ್ಟಿ, ಲೆಕ್ಕಪತ್ರ ಎಲ್ಲ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಅದು ಹೇಗೆ, ಎಲ್ಲಿ ಅಂತ ಅಪ್ಪನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ರೂಮಿನ ಬಾಡಿಗೆ ನಿಂತಿತು. ಟೀ ಅಂಗಡಿಯವರು ಒಂದು ವರ್ಷ ಕಾದು ಬೀರುವನ್ನು ಮೆಟ್ಟಿಲ ಕೆಳಗೆ ಇಟ್ಟರು. ನಾವು ಹೋಗಿ ತೆಗೆದಾಗ ಅರ್ಧಕ್ಕಿಂತ ಹೆಚ್ಚು ಪುಸ್ತಕ ಗೆದ್ದಲು ಹಿಡಿದಿತ್ತು.

ಅವತ್ತು ಅಪ್ಪ ಅಂದರು: "ನಾನು ಯಾರನ್ನೂ ಬರಬೇಡಿ ಅನ್ನಲಿಲ್ಲ ಕಣೋ." ನಾನು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಯಾರ ಕೈಗೂ ಬೀಗದ ಕೈ ಕೊಡಲೂ ಇಲ್ಲ ಅಪ್ಪ." ಅವರು ಮಾತಾಡಲಿಲ್ಲ. ಆ ಮಾತು ಅನ್ನಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತೆ. ಆದರೆ ಆ ಮಾತು ಸುಳ್ಳು ಅಂತ ಇವತ್ತಿಗೂ ಅನ್ನಿಸಿಲ್ಲ.

ನಾನು ಟಿವಿಗೆ ಬರುವ ಮುಂಚೆ ಎರಡು ವರ್ಷ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಯಾರಾದರೂ ರಾಜೀನಾಮೆ ಕೊಟ್ಟರೆ ಮೊದಲ ಪ್ರಶ್ನೆ "ಕೆಟಿ ಯಾರಿಗೆ ಕೊಡ್ತೀಯಾ?" ಅಂತ. ಕೆಟಿ ಅಂದ್ರೆ ನಾಲೆಡ್ಜ್ ಟ್ರಾನ್ಸ್‌ಫರ್. ನಿನಗೆ ಗೊತ್ತಿರೋದನ್ನೆಲ್ಲ ಇನ್ನೊಬ್ಬನಿಗೆ ಹೇಳಿಕೊಟ್ಟು, ಬರೆದಿಟ್ಟು ಹೋಗು ಅಂತ. ಎರಡು ವರ್ಷ ಇದ್ದು ಹೋಗೋ ಹುಡುಗನ ಹತ್ತಿರ ಅದನ್ನು ಬರೆಸಿಕೊಳ್ತಾರೆ. ನಮ್ಮಪ್ಪ ಹತ್ತೊಂಬತ್ತು ವರ್ಷ ಇದ್ದರು, ಯಾರೂ ಬರೆಸಿಕೊಳ್ಳಲಿಲ್ಲ. ಇನ್ನೊಂದು ಮಾತಿದೆ, ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಒಂದೇ ಒಂದು ಬೋಲ್ಟು ಹೋದರೆ ಇಡೀ ಮೆಷೀನು ನಿಲ್ಲೋ ಹಾಗಿದ್ದರೆ ಅದು ಬೋಲ್ಟಿನ ತಪ್ಪಲ್ಲ, ಮೆಷೀನು ಹಾಗೆ ಮಾಡಿದವರ ತಪ್ಪು. ನಮ್ಮಪ್ಪ ಒಳ್ಳೇ ಬೋಲ್ಟು. ಸಂಘವನ್ನು ಹಾಗೆ ಒಂದೇ ಬೋಲ್ಟಿನ ಮೇಲೆ ನಿಲ್ಲಿಸಿದ್ದು ಎಲ್ಲರ ತಪ್ಪು.

ಇದು ಚಿಕ್ಕ ಸಂಘಗಳ ಕಥೆ, ದೊಡ್ಡ ಸಂಸ್ಥೆಗಳಲ್ಲಿ ಹೀಗಿರಲ್ಲ ಅಂದ್ಕೋಬೇಡಿ.

ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರ ಜುಲೈ 20ರಂದು ಹುಟ್ಟಿತು. ರಾ.ಹ. ದೇಶಪಾಂಡೆಯವರು ಕಟ್ಟಿದ್ದು. ಕನ್ನಡ ನಾಡು ಒಂದಾಗಬೇಕು ಅನ್ನೋ ಕೂಗಿಗೆ ಅದು ತವರುಮನೆ. ಅದರ ಅಧ್ಯಕ್ಷರಾಗಿ ಪಾಟೀಲ ಪುಟ್ಟಪ್ಪನವರು ಐದು ದಶಕಕ್ಕೂ ಹೆಚ್ಚು ಕಾಲ ಇದ್ದರು, 2020ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೆ. ಪಾಪು ದೊಡ್ಡವರು. ಕನ್ನಡಕ್ಕೆ ಅವರು ಮಾಡಿದ ಕೆಲಸದ ಮುಂದೆ ನಾನು ಕೈ ಮುಗಿದು ನಿಲ್ತೀನಿ. ಆದರೂ ಒಂದು ಪ್ರಶ್ನೆ ಕೇಳೋಣ. ಐವತ್ತು ವರ್ಷ ಅಂದ್ರೆ ಎರಡು ತಲೆಮಾರು. ಆ ಎರಡು ತಲೆಮಾರಿನಲ್ಲಿ ಅಧ್ಯಕ್ಷರಾಗಬಹುದಾಗಿದ್ದ ಎಷ್ಟು ಜನ ಅಧ್ಯಕ್ಷಗಿರಿಯ ಅನುಭವವೇ ಇಲ್ಲದೆ ಮುದುಕರಾದರು? ಒಳ್ಳೆಯವರು ಬಹಳ ಕಾಲ ಕೂತಾಗಲೂ ಈ ನಷ್ಟ ಆಗುತ್ತೆ. ಒಳ್ಳೆಯವರಾದ್ದರಿಂದಲೇ ಯಾರೂ ಏಳಿ ಅನ್ನಲ್ಲ.

ಇನ್ನು ಕನ್ನಡ ಸಾಹಿತ್ಯ ಪರಿಷತ್ತು. 1915ರಲ್ಲಿ ಹುಟ್ಟಿದ್ದು. ಎಚ್.ವಿ. ನಂಜುಂಡಯ್ಯನವರು ಮೊದಲ ಅಧ್ಯಕ್ಷರು. ಅಲ್ಲಿ ಚುನಾವಣೆ ಇದೆ, ಅವಧಿ ಇದೆ. ಮೊದಲು ಮೂರು ವರ್ಷ ಇದ್ದ ಅವಧಿಯನ್ನು ಆಮೇಲೆ ಐದು ವರ್ಷ ಮಾಡಿಕೊಂಡರು. ಅಂದ್ರೆ ಹೊಸಬರು ಕಾಯಬೇಕಾದ ಸಾಲು ಇನ್ನೂ ಉದ್ದ ಆಯಿತು. 2021ರ ಚುನಾವಣೆ ಸೇರಿಸಿಕೊಂಡು ನೋಡಿದರೂ, ನೂರು ವರ್ಷ ದಾಟಿದ ಈ ಸಂಸ್ಥೆಗೆ ಒಬ್ಬ ಮಹಿಳೆ ಚುನಾಯಿತ ರಾಜ್ಯಾಧ್ಯಕ್ಷೆ ಆಗಿಲ್ಲ.

ಸಮ್ಮೇಳನದ ಅಧ್ಯಕ್ಷತೆ ಕೊಟ್ಟಿದ್ದಾರಲ್ಲ ಅಂತ ಹೇಳ್ತಾರೆ. ಹೌದು, ಕೊಟ್ಟಿದ್ದಾರೆ. 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆ. 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ. 2003ರಲ್ಲಿ ಮೂಡಬಿದಿರೆಯಲ್ಲಿ ಕಮಲಾ ಹಂಪನಾ. 2010ರಲ್ಲಿ ಗದಗದಲ್ಲಿ ಗೀತಾ ನಾಗಭೂಷಣ. ಆದರೆ ವ್ಯತ್ಯಾಸ ನೋಡಿ. ಸಮ್ಮೇಳನದ ಅಧ್ಯಕ್ಷತೆ ಮೂರು ದಿನದ್ದು. ಮೆರವಣಿಗೆ, ಭಾಷಣ, ಪೇಟ. ಪರಿಷತ್ತಿನ ಅಧ್ಯಕ್ಷತೆ ಅಂದ್ರೆ ಬಜೆಟ್ಟು, ಸಹಿ, ತೀರ್ಮಾನ. ಗೌರವ ಕೊಡೋದು ಸುಲಭ. ಚೆಕ್ ಪುಸ್ತಕ ಕೊಡೋದು ಕಷ್ಟ. ಎಲೆಕ್ಟ್ರಾನಿಕ್ ಸಿಟಿಯ ಆ ಹುಡುಗಿ ಕೈಗೆ ಹೂಗುಚ್ಛ ಕೊಟ್ಟದ್ದಕ್ಕೂ ಇದಕ್ಕೂ ಅಳತೆಯಲ್ಲಿ ಮಾತ್ರ ವ್ಯತ್ಯಾಸ.

ಹಾಗಾದರೆ ಸರಿಯಾಗಿ ಮಾಡಿದವರು ಯಾರೂ ಇಲ್ವಾ? ಇದ್ದಾರೆ. ನಮ್ಮ ಬೆಂಗಳೂರಲ್ಲೇ ಇದ್ದರು.

ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದರು. ಆ ಸಂಘದಿಂದ 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಟಿತು. ಆಮೇಲಿನ ತಲೆಮಾರಿನಲ್ಲಿ ಜಿ.ಪಿ. ರಾಜರತ್ನಂ ಅವರು ವಿದ್ಯಾರ್ಥಿಗಳ ಕೈಯಲ್ಲಿ ಬರೆಸೋದನ್ನು, ಪುಸ್ತಕ ಹೊರತರೋದನ್ನು ಒಂದು ವ್ರತದ ಹಾಗೆ ಮಾಡಿದರು. ಅದೇ ದಾರಿಯಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಮೇಷ್ಟ್ರು ಕನ್ನಡ ಸಂಘ ನಡೆಸಿದರು. ಬೇಂದ್ರೆಯವರ ನೆನಪಿನಲ್ಲಿ ಅಂತರ ಕಾಲೇಜು ಕವನ ಸ್ಪರ್ಧೆ. ಇನ್ನೂ ಯಾರೂ ಹೆಸರು ಕೇಳದ ಹುಡುಗರ ಮೊದಲ ಪುಸ್ತಕ. ಕನ್ನಡದ ಕೋಟೆ ಅಂತ ಯಾರೂ ಹೇಳದ ಒಂದು ಕಾಲೇಜಿನಲ್ಲಿ ಇಷ್ಟು ನಡೀತು. 2007ರಲ್ಲಿ ಮೇಷ್ಟ್ರು ಹೋದರು. ಅವರ ಸಂಘದಿಂದ ಮೊದಲ ಪುಸ್ತಕ ತಂದವರಲ್ಲಿ ಹಲವರು ಇವತ್ತು ಕನ್ನಡದ ಹಿರಿಯ ಲೇಖಕರು.

ಇಲ್ಲಿ ಗಮನಿಸಬೇಕಾದ್ದು ಏನು ಅಂದ್ರೆ, ಅವರು ಹುಡುಗರಿಗೆ ಹುಡುಗರ ಕೆಲಸ ಕೊಡಲಿಲ್ಲ. ನಿಜವಾದ ಪುಸ್ತಕ ಕೊಟ್ಟರು. ಅಚ್ಚಾಗಿ ಹೊರಗೆ ಹೋದ ಮೇಲೆ ಬೈಗುಳ ಬಂದರೆ ಅದೂ ಆ ಹುಡುಗರದ್ದೇ.

ಮಲೆನಾಡಿಗೆ ಹೋಗಿ. ಸಾಗರದ ಹತ್ತಿರ ಹೆಗ್ಗೋಡು. 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನೀನಾಸಂ ಶುರು ಮಾಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ. 1985ರಲ್ಲಿ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. 2005ರ ಜುಲೈನಲ್ಲಿ ಸುಬ್ಬಣ್ಣ ತೀರಿಕೊಂಡರು. ತಿರುಗಾಟ ನಿಲ್ಲಲಿಲ್ಲ, ಶಾಲೆ ನಿಲ್ಲಲಿಲ್ಲ. ಯಾಕೆ? ಅವರು ಇದ್ದಾಗಲೇ ಕೆಲಸ ಬೇರೆಯವರ ಕೈಗೆ ಹೋಗಿತ್ತು. ಅಲ್ಲಿ ಕಲಿತವರು ಊರೂರಲ್ಲಿ ತಮ್ಮದೇ ತಂಡ ಕಟ್ಟಿಕೊಂಡಿದ್ದರು.

"ಅಯ್ಯೋ ಬಿಡಿ, ಅಲ್ಲಿ ಮಗ ಅಕ್ಷರ ಇದ್ದರಲ್ಲ" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಧಾರವಾಡದ ಮನೋಹರ ಗ್ರಂಥಮಾಲೆಯೂ ಹಾಗೇ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ್ದು, ಮಗ, ಮೊಮ್ಮಗ ನಡೆಸಿಕೊಂಡು ಬಂದರು. ಮನೆತನದಲ್ಲಿ ಯಾಕೆ ಮುಂದುವರಿಯುತ್ತೆ ಗೊತ್ತಾ? ಮಗ ಹುಟ್ಟಿದಾಗಿಂದ ಪ್ರೂಫ್ ವಾಸನೆ ಕುಡಿದು ಬೆಳೆದಿರ್ತಾನೆ. ಸಾಲ ಎಲ್ಲಿದೆ, ಪ್ರೆಸ್ಸಿನವರು ಯಾರು, ಯಾವ ಲೇಖಕರಿಗೆ ಸಿಟ್ಟು ಬೇಗ ಬರುತ್ತೆ ಎಲ್ಲ ಗೊತ್ತಿರುತ್ತೆ. ಊಟ ಮಾಡ್ತಾ ಮಾಡ್ತಾ ಕೆಟಿ ಆಗಿಹೋಗಿರುತ್ತೆ. ಆದರೆ ವೈಟ್‌ಫೀಲ್ಡಿನ ಸಂಘಕ್ಕೆ ಮಗ ಯಾರು? ಅಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರು. ಅಧ್ಯಕ್ಷರ ಸ್ವಂತ ಮಗ ಆಸ್ಟಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಇರ್ತಾನೆ. ಹಾಗಾಗಿ ಮನೆಯಲ್ಲಿ ತಾನಾಗಿ ಆಗೋದನ್ನು ಸಂಘದಲ್ಲಿ ಬೇಕಂತಲೇ ಮಾಡಬೇಕು. ಬೇರೆ ದಾರಿ ಇಲ್ಲ.

ಹೊರದೇಶದ ಕನ್ನಡ ಕೂಟಗಳನ್ನು ನೋಡಿ. ಅಮೆರಿಕದ ಹಲವು ಕೂಟಗಳಲ್ಲಿ ಕಾರ್ಯಕಾರಿ ಸಮಿತಿ ಒಂದೆರಡು ವರ್ಷಕ್ಕೆ ಬದಲಾಗುತ್ತೆ. ಎಲ್ಲರೂ ವಲಸೆ ಬಂದವರು, ಯಾರು ಎಷ್ಟು ದಿನ ಆ ಊರಲ್ಲಿ ಇರ್ತಾರೋ ಗೊತ್ತಿಲ್ಲ. ಹಾಗಾಗಿ ಬೇಗ ಬೇಗ ಕೈ ಬದಲಾಯಿಸೋದನ್ನು ಕಲಿತರು. ಹೊರ ಬೆಂಗಳೂರೂ ಈಗ ಅಂಥದ್ದೇ ವಲಸೆಯ ಊರು. ನಾವು ಅದನ್ನು ಒಪ್ಪಿಕೊಂಡಿಲ್ಲ.

ಐಟಿ ಹುಡುಗರಿಗೆ ಸಾಹಿತ್ಯದಲ್ಲಿ ಆಸಕ್ತಿ ಇಲ್ಲ ಅನ್ನೋ ಮಾತನ್ನಂತೂ ದಯವಿಟ್ಟು ಬಿಡಿ. ವಸುಧೇಂದ್ರ ಅವರು ವರ್ಷಗಟ್ಟಲೆ ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದವರು. ಅವರು ಛಂದ ಪುಸ್ತಕ ಕಟ್ಟಿದರು. ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಮೊದಲ ಸಂಕಲನ ತರ್ತಾರೆ. 2005ರಲ್ಲಿ 'ಸಂಪದ' ಬಂತು, ಎಷ್ಟೋ ಜನ ಮೊದಲ ಸಲ ಕನ್ನಡದಲ್ಲಿ ಬರೆದದ್ದು ಅಲ್ಲಿ. ಸಾವಿರಾರು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಅಂತ ಕ್ಷಣದಲ್ಲಿ ಹುಡುಕಿಕೊಡೋ 'ವಚನ ಸಂಚಯ' ಮಾಡಿದವರಲ್ಲೂ ತಂತ್ರಜ್ಞಾನದ ಹುಡುಗರಿದ್ದಾರೆ. ಇವರೆಲ್ಲ ಯಾಕೆ ನಮ್ಮ ಸಂಘಗಳ ಒಳಗೆ ಈ ಕೆಲಸ ಮಾಡಲಿಲ್ಲ? ಹೊರಗೆ ಹೋಗಿ ತಮ್ಮದೇ ಕಟ್ಟಿಕೊಂಡರು ಅಂದ್ರೆ, ಒಳಗೆ ಅವರಿಗೆ ಜಾಗ ಇರಲಿಲ್ಲ ಅಂತಲೇ ಅರ್ಥ.

ಹೊಸ ನಾಯಕರು ಅಂದ್ರೆ ಬರೀ ಲ್ಯಾಪ್‌ಟಾಪ್ ಹುಡುಗರೂ ಅಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಸಾವಿರಾರು ಹೆಣ್ಣುಮಕ್ಕಳಿದ್ದಾರೆ. ಐಟಿ ಕಂಪನಿಗಳ ಗೇಟಿನಲ್ಲಿ ಕಲಬುರಗಿ, ಯಾದಗಿರಿಯ ಹುಡುಗರು ಸೆಕ್ಯುರಿಟಿ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಾರೆ. ನಾನು ಕೆಲಸ ಮಾಡ್ತಿದ್ದಾಗ ನಮ್ಮ ಗೇಟಿನಲ್ಲಿ ಒಬ್ಬರಿದ್ದರು, ತತ್ವಪದ ಹಾಡಿದರೆ ರಾತ್ರಿ ಪಾಳಿಯ ನಿದ್ದೆ ಹಾರಿಹೋಗ್ತಿತ್ತು. ಭಜನೆ ತಂಡ ನಡೆಸಿ ಅನುಭವ ಇದ್ದವರು. ನಮ್ಮ ಕಂಪನಿಯ ರಾಜ್ಯೋತ್ಸವಕ್ಕೆ ಅವರನ್ನು ಕರೆದದ್ದು ಕುರ್ಚಿ ಜೋಡಿಸೋದಕ್ಕೆ. ಆ ಸಮಿತಿಯಲ್ಲಿ ನಾನೂ ಇದ್ದೆ.

ಈಗ ಹಿರಿಯರ ಭಯವನ್ನೂ ಕೇಳೋಣ. ಅವರು ಹೇಳ್ತಾರೆ, "ಹುಡುಗರ ಕೈಗೆ ಕೊಟ್ಟರೆ ಡಿಜೆ ಹಾಕ್ತಾರೆ, ಸಿನಿಮಾದವರನ್ನ ಕರೀತಾರೆ, ಸಾಹಿತ್ಯ ಮೂಲೆಗೆ ಹೋಗುತ್ತೆ. ಲೆಕ್ಕ ಸರಿಯಾಗಿ ಇಡಲ್ಲ. ಅರ್ಧಕ್ಕೆ ಬಿಟ್ಟು ಹೋಗ್ತಾರೆ." ಇದರಲ್ಲಿ ಸ್ವಲ್ಪ ನಿಜ ಇದೆ. ಯುವಕರಿಗೂ ಒಂದು ಮಾತು ಹೇಳ್ತೀನಿ. ಸಂಘ ನಡೆಸೋದು ಅಂದ್ರೆ ಸ್ಟೇಟಸ್ ಹಾಕೋದಲ್ಲ. ಐನೂರು ರೂಪಾಯಿ ಸದಸ್ಯತ್ವ ಕೇಳೋಕೆ ಮನೆ ಮನೆ ಬೆಲ್ ಒತ್ತಬೇಕು. ಆಡಿಟ್ ಮಾಡಿಸಬೇಕು. ಸರ್ಕಾರಿ ಕಚೇರಿಯಲ್ಲಿ ಒಂದು ಸೀಲಿಗೆ ಅರ್ಧ ದಿನ ಕೂರಬೇಕು. ಹಿರಿಯ ಲೇಖಕರೊಬ್ಬರು ಕೊನೇ ಗಳಿಗೆಯಲ್ಲಿ ಬರಲ್ಲ ಅಂದಾಗ ನಗುನಗ್ತಾ ಇನ್ನೊಬ್ಬರನ್ನ ಹುಡುಕಬೇಕು. ನಮ್ಮಪ್ಪ ಇದನ್ನೆಲ್ಲ ಹತ್ತೊಂಬತ್ತು ವರ್ಷ ಮಾಡಿದರು, ಒಂದು ಫೋಟೋ ಕೂಡ ಇಲ್ಲ.

ಆದರೆ ಹಿರಿಯರಿಗೆ ನನ್ನ ಉತ್ತರ ಇಷ್ಟೇ. ಲೆಕ್ಕ ಇಡೋದನ್ನು ಲೆಕ್ಕ ಕೊಟ್ಟೇ ಕಲಿಸಬೇಕು. ಸೈಕಲ್ ಕಲಿಸುವಾಗ ಹಿಂದೆ ಸೀಟು ಹಿಡ್ಕೊಂಡು ಓಡ್ತೀವಲ್ಲ, ಯಾವಾಗಲೋ ಒಂದು ಸಲ ಕೈ ಬಿಡಲೇಬೇಕು. ಬಿದ್ದರೆ ಮಂಡಿ ತರಚುತ್ತೆ. ಒಂದು ಕಾರ್ಯಕ್ರಮ ಕೆಟ್ಟರೆ ಸಂಘ ಸಾಯಲ್ಲ. ಹತ್ತೊಂಬತ್ತು ವರ್ಷ ಒಂದೂ ಕಾರ್ಯಕ್ರಮ ಕೆಡದ ಸಂಘ ಸತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೀನಿ.

ಹಾಗಾದರೆ ಏನು ಮಾಡಬೇಕು? ನಾನು ದೊಡ್ಡ ಯೋಜನೆ ಹೇಳಲ್ಲ. ನಾಳೆಯಿಂದಲೇ ಆಗೋ ನಾಲ್ಕು ಕೆಲಸ ಹೇಳ್ತೀನಿ.

ಒಂದು. ವರ್ಷದಲ್ಲಿ ಒಂದು ಕಾರ್ಯಕ್ರಮವನ್ನು ಪೂರ್ತಿಯಾಗಿ ಮೂವತ್ತೈದರ ಒಳಗಿನವರಿಗೆ ಕೊಡಿ. ವಿಷಯ ಅವರದ್ದು, ಅತಿಥಿ ಅವರ ಆಯ್ಕೆ, ದುಡ್ಡು ಅವರ ಕೈಯಲ್ಲಿ. ಇಪ್ಪತ್ತೈದು ಸಾವಿರವೋ ಐವತ್ತು ಸಾವಿರವೋ, ನಿಮ್ಮ ಶಕ್ತಿ ಇದ್ದಷ್ಟು. ಮುಗಿದ ಮೇಲೆ ಪೈಸೆ ಪೈಸೆ ಲೆಕ್ಕ ಕೇಳಿ. ಮುಗಿಯೋವರೆಗೆ ಫೋನ್ ಮಾಡಬೇಡಿ.

ಎರಡು. ಬ್ಯಾಂಕ್ ಖಾತೆಗೆ ಮೂರು ಜನರ ಹೆಸರು ಕೊಡಿ, ಯಾರಾದರೂ ಇಬ್ಬರ ಸಹಿ ಸಾಕು ಅಂತ ಮಾಡಿ. ಮೂರನೆಯವರು ಕಡಿಮೆ ವಯಸ್ಸಿನವರಿರಲಿ. ಇದಕ್ಕೆ ಒಂದು ಠರಾವು, ಒಂದು ದಿನ ಬ್ಯಾಂಕಿನ ಓಡಾಟ. ಇಷ್ಟು ಮಾಡಿದ್ದರೆ ನಮ್ಮ ಸಂಘದ ದುಡ್ಡು ಸಿಕ್ಕಿಕೊಳ್ತಿರಲಿಲ್ಲ.

ಮೂರು. ಒಂದು ನೋಟ್‌ಬುಕ್ ಇಡಿ. ಹಾಲ್ ಯಾರದ್ದು, ಪ್ರಿಂಟರ್ ಯಾರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ ಹಾಕೋದು ಹೇಗೆ, ನೋಂದಣಿ ಕಾಗದ ಯಾವ ಫೈಲಿನಲ್ಲಿದೆ, ಯಾವ ದಾನಿಗೆ ಯಾವಾಗ ಫೋನ್ ಮಾಡಬೇಕು. ನಿಮ್ಮ ತಲೆಯಲ್ಲಿ ಇರೋದನ್ನೆಲ್ಲ ಅದಕ್ಕೆ ಇಳಿಸಿ.

ನಾಲ್ಕು. ಇದು ಕಷ್ಟದ್ದು. ಬೈಲಾದಲ್ಲಿ ಬರೆದುಕೊಳ್ಳಿ, ಒಬ್ಬರು ಒಂದು ಹುದ್ದೆಯಲ್ಲಿ ಸತತವಾಗಿ ಎರಡು ಅವಧಿ ಮಾತ್ರ. ಆಮೇಲೆ ಇಳಿಯಲೇಬೇಕು. ಇಳಿದವರನ್ನು ಮನೆಗೆ ಕಳಿಸಬೇಡಿ. ಸಲಹೆ ಕೊಡಲಿ, ಹೊಸಬರು ಕೇಳಿದಾಗ. ಕೇಳಿದಾಗ ಅನ್ನೋ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಹಳೇ ಅಧ್ಯಕ್ಷರು ಮುಂದಿನ ಸಾಲಲ್ಲಿ ಕೂತು ಹುಬ್ಬು ಗಂಟಿಕ್ಕಿದರೆ ಸಾಕು, ಹೊಸ ಅಧ್ಯಕ್ಷೆ ಬಾಯಿ ಒಣಗುತ್ತೆ.

ಸಭೆಯ ಹೊತ್ತಿನ ಬಗ್ಗೆಯೂ ಒಂದು ಮಾತು. ವಾರದ ದಿನ ಸಂಜೆ ಆರಕ್ಕೆ ಸಭೆ ಇಟ್ಟು ಹುಡುಗರು ಬರಲಿಲ್ಲ ಅಂದ್ರೆ ಹೇಗೆ? ಆ ಹೊತ್ತಿಗೆ ಅವರು ಸಿಲ್ಕ್ ಬೋರ್ಡ್‌ನಲ್ಲಿ ನಿಂತಿರ್ತಾರೆ. ಗಾರ್ಮೆಂಟ್ಸ್ ಹೆಣ್ಣುಮಗಳು ಆಗಷ್ಟೇ ಮನೆಗೆ ಹೋಗಿ ಒಲೆ ಹಚ್ಚಿರ್ತಾಳೆ. ಈಗ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೂರಕ್ಕೂ ಮೆಟ್ರೋ ಇದೆ. ಭಾನುವಾರ ಬೆಳಿಗ್ಗೆ, ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗೋ ದೂರದಲ್ಲಿ ಸಭೆ ಇಡಿ. ಯಾರನ್ನು ಕರೀತಿದ್ದೀವಿ ಅನ್ನೋದು ಆಹ್ವಾನ ಪತ್ರಿಕೆಯಲ್ಲಿ ಅಲ್ಲ, ಸಭೆಯ ಸಮಯದಲ್ಲಿ ಗೊತ್ತಾಗುತ್ತೆ.

ಕೊನೆಗೆ ಮತ್ತೆ ಅಪ್ಪನ ವಿಷಯ. 

ಭಾನುವಾರದ ಕಾರ್ಯಕ್ರಮ ಮುಗಿಸಿ ಮನೆಗೆ ಹೋಗಿ ಈ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಟಿವಿಯಲ್ಲಿ ನಮ್ಮ ಸಂಘದ ವಿಷಯ ಹೇಳಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೇಳು. ಆದರೆ ಆ ರಾಯಚೂರಿನ ಹುಡುಗ ಏನಾದ ಅಂತಲೂ ಕೇಳು, ಯಾರಿಗಾದರೂ ಗೊತ್ತಿದ್ದರೆ ತಿಳಿಸಲಿ" ಅಂದರು. ಇಪ್ಪತ್ತು ವರ್ಷ ಆಯಿತು. ಅಪ್ಪನಿಗೆ ಆ ಹುಡುಗನ ಮೊದಲ ಕಥೆಯ ಹೆಸರು ಇನ್ನೂ ನೆನಪಿದೆ. ಅಂದ್ರೆ ಅವನನ್ನು ನೋಡಿದ್ದರು, ಅವನಲ್ಲಿ ಏನಿದೆ ಅಂತಲೂ ಗೊತ್ತಿತ್ತು. ಕೊಡೋದು ಒಂದು ಬಾಕಿ ಇತ್ತು.

ಹಾಗಾಗಿ ಈ ಕಾರ್ಯಕ್ರಮ ನೋಡ್ತಿರೋ ಎಲ್ಲ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ನನ್ನದೊಂದು ವಿನಂತಿ. ಟಿವಿ ಆಫ್ ಮಾಡಿದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಸಂಘದ ಬೀರುವಿನ ಬೀಗದ ಕೈ ಈಗ ಯಾರ ಹತ್ತಿರ ಇದೆ? ಅದರ ಇನ್ನೊಂದು ಕೈ ಯಾರ ಹತ್ತಿರ ಇದೆ? ಎರಡನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ನಾಳೆ ಬೆಳಿಗ್ಗೆ ಕೀ ಮಾಡಿಸೋ ಅಂಗಡಿಗೆ ಹೋಗಿ. ಹೆಚ್ಚೇನೂ ಖರ್ಚಾಗಲ್ಲ.